ಪಾಸಿನ ಮನೆಯವರು ಟಿಕೆಟ್ ತೆಗೆಸಿದ್ದು

ಯುರೋಪಿಗೆ ಹೋಗಿ ಬಂದ ಮೇಲೆ ಹುಬ್ಬಳ್ಳಿಯಲ್ಲಿ ಸಿಕ್ಕವರೆಲ್ಲ ಕೇಳಿದ್ದು ಒಂದೇ ಮಾತು: "ಪ್ಯಾರಿಸ್ಸಿನ ಆ ಕಬ್ಬಿಣದ ಗೋಪುರ ಹತ್ತಿದ್ರೇನ್ರಿ?" ಹತ್ತಿದೆವು. ಮೇಲೆ ಗಾಳಿಯೋ ಗಾಳಿ. ಸೆರಗು ಹಿಡಿದುಕೊಳ್ಳುವುದರಲ್ಲೇ ನನ್ನ ಊರು ನೋಡುವ ಕೆಲಸ ಮುಗಿದುಹೋಯಿತು. ಆ ಗೋಪುರದ ಫೋಟೋ ಕ್ಷೌರದಂಗಡಿಯ ಕ್ಯಾಲೆಂಡರಿನಲ್ಲೂ ಇರುತ್ತದೆ, ಅದನ್ನು ನಾನು ಬೇರೆ ಬರೆಯುವುದೇನು? ನನಗೆ ಬರೆಯಬೇಕೆನಿಸಿದ್ದು ಅಲ್ಲಿಗೆ ಹೊರಡುವ ಮೊದಲು ಲಂಡನ್ನಿನಲ್ಲಿ ನಡೆದ ಒಂದು ಜಗಳದ ಬಗ್ಗೆ. ರೈಲಿಗೆ ಪಾಸ್ ತೆಗೆಸುವುದೋ, ಬಿಡಿ ಟಿಕೆಟ್ ತೆಗೆಸುವುದೋ ಎಂಬ ಜಗಳ. ಇದೂ ಒಂದು ಜಗಳವೇ ಎಂದು ನಗು ಬಂದರೆ ನಗಿರಿ, ನನಗೂ ಮೊದಲು ನಗುವೇ ಬಂದಿತ್ತು.

ನನ್ನ ಗಂಡ ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಮಾವನವರು ಗದಗಿನ ಕಡೆ ಸ್ಟೇಷನ್ ಮಾಸ್ತರರಾಗಿದ್ದವರು. ರೈಲ್ವೆ ನೌಕರರಿಗೆ ಮನೆಮಂದಿಯ ಹೆಸರು ಬರೆದ ಪಾಸು ಕೊಡುತ್ತಾರೆ, ಹೆಸರು ಇದ್ದವರು ಹಣ ಕೊಡದೆ ಪ್ರಯಾಣ ಮಾಡಬಹುದು. ಹಾಗಾಗಿ ಈ ಮನೆಯಲ್ಲಿ ಟಿಕೆಟ್ ಎನ್ನುವುದು ಬೇರೆಯವರು ತೆಗೆಸುವ ವಸ್ತು. ನನ್ನ ತವರು ಸವದತ್ತಿ. ಅಲ್ಲಿಗೆ ರೈಲೇ ಇಲ್ಲ ಎಂದು ಗೊತ್ತಾದಾಗ ನಮ್ಮ ಅತ್ತೆಯವರು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ತಂದೆ ಇಲ್ಲದ ಹುಡುಗಿಯನ್ನು ನೋಡಿದ ಹಾಗಿತ್ತು. ಗಾಡಿ ಆರು ತಾಸು ತಡವಾದರೂ ಸೈ, ಪಾಸ್ ಇದ್ದಾಗ ಬಸ್ಸಿಗೆ ರೊಕ್ಕ ಕೊಡುವುದೆಂದರೆ ಈ ಮನೆಯವರಿಗೆ ಕುಲಕ್ಕೆ ಬಂದ ಕೇಡು.

ಕೆಂಟನ್

ನಾವು ಇಳಿದುಕೊಂಡದ್ದು ಲಂಡನ್ನಿನ ಅಂಚಿನ ಕೆಂಟನ್ನಿನಲ್ಲಿ, ಇವರ ತಂಗಿ ಶಕುಂತಲೆಯ ಮನೆಯಲ್ಲಿ. ಶಕ್ಕು ಮದುವೆಯಾಗಿ ಡಾಕ್ಟರ ಗಂಡನ ಹಿಂದೆ ಈ ದೇಶಕ್ಕೆ ಬಂದು ಮೂವತ್ತು ವರ್ಷಗಳ ಮೇಲಾಗಿತ್ತು. ಗಂಡನಿಗೆ ಹತ್ತಿರದಲ್ಲೇ ದವಾಖಾನೆ, ಇವಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಮಗಳು ಅನು ಓದು ಮುಗಿಸಿ ಆಗಷ್ಟೇ ನೌಕರಿಗೆ ಸೇರಿದ್ದಳು.

ಅಲ್ಲಿಯ ಮನೆಗಳೆಲ್ಲ ಒಂದೇ ನಮೂನೆ. ಅದೇ ಇಟ್ಟಿಗೆ, ಅದೇ ಕಿಟಕಿ, ಮುಂದೆ ಅದೇ ಅಂಗೈಯಗಲದ ತೋಟ. ಬಂದ ಮರುದಿನ ಇವರು ಬೆಳಗಿನ ವಾಕಿಂಗ್ ಮುಗಿಸಿ ತಂಗಿಯ ಮನೆಯೆಂದೇ ಪಕ್ಕದ ಮನೆಯ ಬೆಲ್ ಒತ್ತಿದರು. ಗುಜರಾತಿ ಅಜ್ಜಿಯೊಬ್ಬರು ಬಾಗಿಲು ತೆರೆದು ಒಳಗೆ ಕರೆದು ಕೂರಿಸಿ ಚಹಾ ಕೊಟ್ಟರು. ಶಕ್ಕುವಿನ ಅತ್ತೆ ಕಡೆಯವರು ಯಾರೋ ಇರಬೇಕೆಂದು ಇವರು, ಮಗನ ಗೆಳೆಯನ ತಂದೆ ಇರಬೇಕೆಂದು ಅವರು! ಯಾರೆಂದು ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಗೋಡೆಯ ಮೇಲಿನ ಫೋಟೋಗಳಲ್ಲಿ ಒಂದು ಮುಖವೂ ಪರಿಚಯದ್ದಲ್ಲ ಎಂದು ಹೊಳೆದಾಗ ಎರಡನೆಯ ಕಪ್ಪು ಮುಗಿದಿತ್ತಂತೆ. ಆಮೇಲೆ ಅಜ್ಜಿ ದಿನವೂ ಬೇಲಿಯ ಆ ಕಡೆಯಿಂದ ನಕ್ಕು ಕೈಮುಗಿಯುತ್ತಿದ್ದರು.

ಆ ಭಾನುವಾರ ನಮ್ಮನ್ನು ನೋಡಲೆಂದು ನಾಲ್ಕಾರು ಕನ್ನಡದ ಮನೆಯವರು ಬಂದರು. ಮಾತು ನಮ್ಮ ಯುರೋಪ್ ಯಾತ್ರೆಗೆ ತಿರುಗಿತು. ಊರಿನಿಂದಲೇ ವೀಸಾ ಹಾಕಿಸಿಕೊಂಡು ಬಂದಿದ್ದೆವು, ಸಮುದ್ರ ದಾಟಿ ರೈಲು ಹತ್ತುವುದಷ್ಟೇ ಬಾಕಿ. ಇಡೀ ಯುರೋಪಿಗೆ ಸಲ್ಲುವ ರೈಲ್ ಪಾಸ್ ಸಿಗುತ್ತದೆ ಎಂದು ಇವರಿಗೆ ಎಲ್ಲಿಂದಲೋ ಗೊತ್ತಾಗಿತ್ತು. ಪರದೇಶದಲ್ಲೂ ಪಾಸು! ನೆಂಟರ ಮನೆ ಸಿಕ್ಕಷ್ಟು ಖುಷಿ ಇವರಿಗೆ.

ಮೈಸೂರಿನ ಡಾಕ್ಟರೊಬ್ಬರು ತಲೆಯಾಡಿಸಿದರು. "ಪಾಸ್ ಮಾತ್ರ ತಗೋಬೇಡಿ ಸಾರ್. ತಗೊಂಡಿದೀವಲ್ಲಾ, ವೇಸ್ಟ್ ಆಗಬಾರದು ಅಂತ ದಿನಾ ಟ್ರೈನ್ ಹತ್ತುತೀರ. ಕೊನೆಗೆ ಊರು ನೋಡಿರಲ್ಲ, ಬರೀ ರೈಲು ನೋಡಿರ್ತೀರ."

"ನಾ ರೈಲು ನೋಡ್ಲಿಕ್ಕೇ ಬಂದೀನ್ರಿ" ಎಂದರು ಇವರು.

ಬೆಳಗಾವಿಯ ಹೆಣ್ಣುಮಗಳೊಬ್ಬಳು ಪಾಸಿನ ಪಕ್ಷ. "ಟಿಕೆಟ್ ತಗದ್ರ ಆ ಗಾಡಿನೇ ಹಿಡೀಬೇಕ್ರಿ. ನಮ್ಮ ಮನೀಯವರು ಬಾತ್‌ರೂಮ್ ಹೊಕ್ರ ತಾಸುಗಟ್ಟಲೆ ಹೊರಗ ಬರೂದಿಲ್ಲ. ಗಾಡಿ ಹೋಗೇ ಬಿಡ್ತು, ರೊಕ್ಕಾ ನೀರಾಗ." ಆಕೆಯ ಗಂಡ ಪಕ್ಕದಲ್ಲೇ ಕೂತು ಭಜಿ ತಿನ್ನುತ್ತಿದ್ದ, ತಲೆ ಎತ್ತಲಿಲ್ಲ. ಅನು ಸೋಫಾದ ಕೈಮೇಲೆ ಕೂತು, "ಮಾಮಾ, ಜಸ್ಟ್ ಗೆಟ್ ದ ಪಾಸ್. ಇಟ್ಸ್ ಫ್ರೀಡಂ!" ಎಂದಳು. ಅವಳು ಕಾಲೇಜಿನ ಗೆಳತಿಯರ ಜೊತೆ ಹಾಗೆ ಪಾಸ್ ತೆಗೆಸಿ ಬೆನ್ನಿಗೊಂದು ಚೀಲ ಹಾಕಿಕೊಂಡು ಅರ್ಧ ಯುರೋಪ್ ಸುತ್ತಿ ಬಂದವಳು.

ಶಕ್ಕು ಅಡುಗೆಮನೆಯಿಂದ ಭಜಿಯ ತಟ್ಟೆ ತರುವುದು, ಖಾಲಿ ತಟ್ಟೆ ಒಯ್ಯುವುದು ಇಷ್ಟರಲ್ಲೇ ಇದ್ದಳು. ಒಮ್ಮೆ ನಿಂತು ಹೇಳಿದಳು. "ಟಿಕೆಟ್ಟೇ ಛಲೋ ಅಣ್ಣಾ. ಒಂದು ವಾರ ಹೋಗಿ ಬಂದ್ರ ಸಾಕಾಗೂದಿಲ್ಲೇನು?"

"ಒಂದು ವಾರದಾಗ ಏನ್ ನೋಡೂದದ? ಪಾಸ್ ತಗೊಂಡ್ರ ಹದಿನೈದು ದಿನಾ ರಾಜಾನಂಗ ಅಡ್ಡಾಡಬಹುದು."

ಅವಳು ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮರುದಿನ ನಾಷ್ಟಾದ ಹೊತ್ತಿಗೆ ಮತ್ತೆ ಅದನ್ನೇ ಎತ್ತಿದಳು. ಟಿಕೆಟ್ ಬಗ್ಗೆ ಒಬ್ಬರನ್ನು ಫೋನಿನಲ್ಲಿ ಕೇಳಿದೆ, ಅನುಕೂಲ ಇದೆಯಂತೆ ಎಂದಳು. ಸಂಜೆ ಇನ್ನೊಮ್ಮೆ. ಅಣ್ಣ ಪ್ರತಿ ಸಲ "ಪಾಸ್ ಅಂದ್ರ ಪಾಸ್" ಎಂದು ಮುಗಿಸುತ್ತಿದ್ದರು. ನನಗೋ ತಲೆಯೊಳಗೆ ಹುಳ ಹೊಕ್ಕಿತು. ನಮ್ಮ ಪಾಸಿನ ಮೇಲೆ ಇವಳಿಗ್ಯಾಕೆ ಇಷ್ಟು ಸಿಟ್ಟು? ಹದಿನೈದು ದಿನ ಹೋದರೆ ಇವಳ ಗಂಟೇನು ಹೋಗುತ್ತದೆ?

ಕ್ವೀನ್ಸ್‌ಬರಿಯಿಂದ ಸ್ಟ್ರಾಟ್‌ಫರ್ಡ್‌ವರೆಗೆ

ಶಕ್ಕುವಿಗೆ ರಜೆ ಇದ್ದ ದಿನ ಮೂವರೂ ಕಾಯಿಪಲ್ಲೆ ತರಲು ಕ್ವೀನ್ಸ್‌ಬರಿಗೆ ಹೋದೆವು. ಹೀರೇಕಾಯಿ, ಮೆಂತ್ಯದ ಸೊಪ್ಪು, ಬದನೆ ಎಲ್ಲ ಸಿಗುತ್ತವೆ. ನಮ್ಮ ಹುಬ್ಬಳ್ಳಿಯ ದುರ್ಗದಬೈಲ್ ಪೇಟೆಯ ಹಾಗೆ ಚೌಕಾಸಿ ಮಾಡಲು ಹೋಗಿ ಶಕ್ಕುವಿನಿಂದ ಬೈಸಿಕೊಂಡೆ. ಅಷ್ಟರಲ್ಲಿ ಇವರು ಟ್ಯೂಬ್ ಎಂಬ ಸುರಂಗ ರೈಲಿನ ಸ್ಟೇಷನ್ನಿನಲ್ಲಿ ಒಂದು ಸಂಶೋಧನೆ ಮಾಡಿದ್ದರು: ದಿನವಿಡೀ ಎಷ್ಟು ಸಲ ಬೇಕಾದರೂ ಓಡಾಡಬಹುದಾದ ಟ್ರಾವೆಲ್‌ಕಾರ್ಡು!

"ಇದೂ ಪಾಸೇ ಆತಲ್ಲ!" ಎಂದು ಮೂರು ಕೊಡಿಸಲು ತಂಗಿಗೆ ಅಪ್ಪಣೆ ಮಾಡಿದರು. ಹೀರೇಕಾಯಿಯ ಚೀಲದ ಸಮೇತ ನಾವು ಆ ಲೈನಿನ ಇನ್ನೊಂದು ತುದಿ ನೋಡಲು ಹೊರಟೆವು. ತುದಿ ಎಲ್ಲಿದೆಯೋ ಅಲ್ಲಿಯವರೆಗೆ ಹೋಗುವುದು, ಅದೇ ಇವರ ಪ್ರವಾಸ.

ಟ್ಯೂಬಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಮೊಣಕಾಲಿಗೆ ಮೊಣಕಾಲು ತಾಗುತ್ತಿದ್ದರೂ ಕಣ್ಣು ಮಾತ್ರ ಪೇಪರಿನಲ್ಲಿ. ನಮ್ಮ ಕಡೆ ಪ್ಯಾಸೆಂಜರ್ ಗಾಡಿಯಲ್ಲಿ ಅಣ್ಣಿಗೇರಿ ಬರುವಷ್ಟರಲ್ಲಿ ಎದುರಿನವರ ಮಗಳಿಗೆ ಯಾವ ಗಂಡು ನೋಡಿದ್ದಾರೆ, ಅವನಿಗೆ ಹೊಲ ಎಷ್ಟಿದೆ ಎಂಬುದೆಲ್ಲ ತಿಳಿದಿರುತ್ತದೆ. ಇವರು ರೂಢಿಯಂತೆ ಎದುರಿನ ಎತ್ತರದ ಮನುಷ್ಯನನ್ನು "ವೇರ್ ಆರ್ ಯು ಗೋಯಿಂಗ್, ಸರ್?" ಎಂದು ಕೇಳಿದರು. ಆತ ಪೊಲೀಸರು ಕೇಳಿದ ಹಾಗೆ ಬೆಚ್ಚಿ, ಊರಿನ ಹೆಸರು ಗೊಣಗಿ ಪೇಪರು ಎತ್ತರಿಸಿಕೊಂಡ. ಎಂಥ ಬಿಗುಮಾನದ ಜನವಪ್ಪಾ ಎಂದುಕೊಂಡೆ. ಸ್ಟ್ರಾಟ್‌ಫರ್ಡಿನಲ್ಲಿ ಇಳಿದು ನಡೆಯುತ್ತಿದ್ದಾಗ ಹಿಂದಿನಿಂದ ದಡಬಡ ಓಡಿ ಬಂದವನೂ ಆತನೇ. ಕೈಯಲ್ಲಿ ನಮ್ಮ ಹೀರೇಕಾಯಿಯ ಚೀಲ. ಏದುಸಿರು ಬಿಡುತ್ತ ಕೊಟ್ಟವನು ನಾನು ಕೃತಜ್ಞತೆ ಹೇಳುವುದರೊಳಗೆ, ತಾನೇ ಏನೋ ತಪ್ಪು ಮಾಡಿದವನಂತೆ "ಸಾರಿ" ಎಂದು ಹೊರಟುಹೋದ.

ಸ್ಟ್ರಾಟ್‌ಫರ್ಡಿನಲ್ಲಿ ಆಗ ಕಣ್ಣು ಹಾಯಿಸಿದಷ್ಟೂ ಹಳಿಗಳು. ಇವರು ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ, ಕೈ ಹಿಂದೆ ಕಟ್ಟಿಕೊಂಡು, ಬಂದ ಗಾಡಿಯನ್ನೆಲ್ಲ ತಪಾಸಣೆ ಮಾಡುತ್ತ ನಿಂತುಬಿಟ್ಟರು. ನಾನೂ ಶಕ್ಕುವೂ ಬೆಂಚಿನ ಮೇಲೆ ಕೂತೆವು.

"ಅಣ್ಣ ಒಂದೀಟೂ ಬದಲಾಗಿಲ್ರಿ ವೈನಿ" ಎಂದು ಅವಳು ನಕ್ಕಳು.

ನಾನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಹೆಂಗಸಲ್ಲ. "ಶಕ್ಕೂ, ಒಂದ್ ಮಾತು ಕೇಳ್ತೀನಿ. ಪಾಸ್ ಅಂದ್ರ ನಿನಗ್ಯಾಕವಾ ಅಷ್ಟು ಸಿಟ್ಟು?"

"ಸಿಟ್ಟಲ್ರಿ." ಹೀರೇಕಾಯಿಯ ಚೀಲದ ಬಾಯಿ ಗಂಟು ಹಾಕಿದಳು. "ನಾನೂ ನಿಮ್ಮ ಜೋಡಿ ಬರಬೇಕಂತ ಒಂದು ವಾರ ರಜಾ ಹಾಕೀನ್ರಿ. ಆ ಪಾಸ್ ಹೊರಗಿಂದ ಬಂದವರಿಗಷ್ಟೇ, ಇಲ್ಲೇ ಇರೋ ನನಗ ಕೊಡೂದಿಲ್ಲ. ಇಲ್ಲಿಯವರಿಗೆ ಬ್ಯಾರೆ ಒಂದ್ ಅದ, ಅದು ನನ್ನ ಒಂದು ವಾರಕ್ಕ ಹೊಂದೂದಿಲ್ಲ. ನೀವು ಪಾಸ್ ತಗೊಂಡು ಹದಿನೈದು ದಿನಾ ಮನಸ್ಸಿಗೆ ಬಂದ ಗಾಡಿ ಹತ್ತಿದ್ರ ನನ್ನ ಟಿಕೆಟ್ ಅದಕ್ಕ ಹೊಂದೂದಿಲ್ಲ, ನೀವಿಬ್ಬರೇ ಹೋದಂಗ. ಟಿಕೆಟ್ ಆದ್ರ ಮೂರೂ ಮಂದಿ ಕೂಡೇ ಹೋಗಬಹುದು."

"ಅಯ್ಯ, ಇಷ್ಟೇ ಹೌದಿಲ್ಲೋ! ಅಣ್ಣಗ ಹೇಳಬಾರದ?"

"ನನ್ನೂ ಕರಕೊಂಡು ಹೋಗಂತ ಬಾಯಿಬಿಟ್ಟು ಕೇಳಬೇಕೇನ್ರಿ ವೈನಿ? ಅವಗೇ ಹೊಳೀಬೇಕು."

ಆಮೇಲೆ ಅವಳು ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ, ನಾನಿನ್ನೂ ಆ ಮನೆಗೆ ಸೊಸೆಯಾಗಿ ಬಂದಿರಲಿಲ್ಲ. ಶಕ್ಕುವಿನ ಮದುವೆಯಾಗಿ, ಗಂಡ ಮುಂದಾಗಿ ಲಂಡನ್ನಿಗೆ ಹೋಗಿ, ಇವಳು ಕಾಗದಪತ್ರ ಬರುವವರೆಗೆ ತವರಿನಲ್ಲಿದ್ದ ಕಾಲ. ಆ ವರ್ಷ ಮನೆಮಂದಿಯೆಲ್ಲ ಕಾಶಿಗೆ ಹೊರಟರು. ಹುಟ್ಟಿದಾಗಿನಿಂದ ಅಪ್ಪನ ಪಾಸಿನಲ್ಲಿ ಇದ್ದ ಇವಳ ಹೆಸರು ಮದುವೆಯಾದದ್ದರಿಂದ ಹೋಗಿತ್ತು. ರೈಲ್ವೆಯ ನಿಯಮವೇ ಹಾಗೆ. ಪಾಸಿನಲ್ಲಿ ಹೆಸರಿಲ್ಲ, ಆದ್ದರಿಂದ ಶಕ್ಕು ಮನೆಯಲ್ಲಿ.

"ಅಪ್ಪ ಕೆಟ್ಟವರಲ್ರಿ. ಅಣ್ಣನೂ ಕೆಟ್ಟವನಲ್ಲ. ಯಾರೂ ಬ್ಯಾಡ ಅನಲಿಲ್ಲ. ನನಗೊಂದು ಟಿಕೆಟ್ ತಗಸಬಹುದು ಅಂತ ಒಬ್ಬರಿಗೂ ಹೊಳೀಲೇ ಇಲ್ಲ, ಅಷ್ಟೇ."

ಇಲ್ಲಿಗೆ ಬಂದ ಮೇಲೆ ಸಿಕ್ಕ ರಜೆಯೆಲ್ಲ ಹುಬ್ಬಳ್ಳಿಗೇ ಸವೆಸಿದ್ದಳು. ಅಪ್ಪನ ಕಣ್ಣಿನ ಆಪರೇಷನ್ನು, ಅವ್ವನ ಕಾಯಿಲೆ, ನಮ್ಮ ಮಕ್ಕಳ ಮದುವೆ, ಮುಂಜಿವೆ. ಮಗಳು ಅರ್ಧ ಯುರೋಪ್ ನೋಡಿ ಬಂದಳು, ಗಂಡ ಡಾಕ್ಟರರ ಕಾನ್ಫರೆನ್ಸಿಗೆ ಅಲ್ಲಿ ಇಲ್ಲಿ ಹೋಗಿ ಬಂದ. ಇವಳು ಮಾತ್ರ ಆ ಸಮುದ್ರವನ್ನು ದಾಟಿರಲಿಲ್ಲ. ಬೆಳಿಗ್ಗೆ ಹೊರಟರೆ ಮಧ್ಯಾಹ್ನ ಪ್ಯಾರಿಸ್ಸು, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವುದಕ್ಕಿಂತ ಹತ್ತಿರ!

"ನೀವು ಅಣ್ಣಗ ಹೇಳಬ್ಯಾಡ್ರಿ, ನನ್ನಾಣಿ" ಎಂದಳು. ಹೂಂ ಎಂದೆ. ಎಂದೆ ಅಷ್ಟೇ.

ಟಿಕೆಟ್ ಕಚೇರಿ

ಪಟ್ಟಣದ ನಡುವಿನ ಒಂದು ಕಚೇರಿಯಲ್ಲಿ ಯುರೋಪಿನ ರೈಲಿನ ವ್ಯವಹಾರ. ಇವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎದೆಯ ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡು ಹೊರಟಿದ್ದರು. ಶಕ್ಕು ಅರ್ಧ ದಿನ ಕೆಲಸ ಬಿಟ್ಟು ದಾರಿ ತೋರಿಸಲು ಬಂದಿದ್ದಳು.

ಕೌಂಟರಿನಲ್ಲಿ ಕಿವಿಯ ತುಂಬ ರಿಂಗು ಚುಚ್ಚಿಸಿಕೊಂಡ ಹುಡುಗಿ. ತಾಳ್ಮೆ ಎಂದರೆ ತಾಳ್ಮೆ. ಪಾಸಿನ ಕಾಗದ ಮುಂದಿಟ್ಟು ಎಲ್ಲ ಬಿಡಿಸಿ ಹೇಳಿದಳು. ಸಮುದ್ರದ ಕೆಳಗೆ ಹೋಗುವ ರೈಲು ಈ ಪಾಸಿನಲ್ಲಿ ಬರುವುದಿಲ್ಲ, ಅದಕ್ಕೆ ಬೇರೆ ಟಿಕೆಟ್ ಬೇಕು. ಆ ಕಡೆಯೂ ಕೆಲವು ವೇಗದ ಗಾಡಿಗಳಲ್ಲಿ ಸೀಟಿಗೆ ಪ್ರತ್ಯೇಕ ರೊಕ್ಕ. ಹತ್ತುವ ಮೊದಲು ಪಾಸಿನ ಮೇಲೆ ಆ ದಿನದ ತಾರೀಖು ನಾವೇ ಬರೆದುಕೊಳ್ಳಬೇಕು, ಮರೆತರೆ ದಂಡ.

"ಪಾಸ್ ಇದ್ದೂ ಟಿಕೆಟ್ಟೇ?" ಇವರ ಮುಖ ಗಂಟಾಯಿತು. "ಇದ್ಯಾವ ಸೀಮಿ ಪಾಸು? ನಮ್ಮ ರೈಲ್ವೆದಾಗ ಹಿಂಗ ಮಾಡಿದ್ರ ಯೂನಿಯನ್ನವರು ಗಾಡೀನೇ ನಿಲ್ಲಸ್ತಿದ್ರು." ಆದರೂ ಹೆಸರಿನ ಮೋಹ ದೊಡ್ಡದು. ಒಂದು ನಿಟ್ಟುಸಿರು ಬಿಟ್ಟು ಹುಡುಗಿಗೆ ಹೇಳಿದರು. "ಓಕೆ. ಟೂ ಪಾಸಸ್."

ಹುಡುಗಿ ನಮ್ಮಿಬ್ಬರ ಪಾಸ್‌ಪೋರ್ಟು ತೆಗೆದುಕೊಂಡು ಶಕ್ಕುವಿನ ಕಡೆ ನೋಡಿ ಕೇಳಿದಳು, ನೀವು ಹೋಗುವುದಿಲ್ಲವೇ ಅಂತ.

"ನೋ, ನೋ. ಐ ಲಿವ್ ಹಿಯರ್. ಜಸ್ಟ್ ದೆಮ್" ಎಂದು ಶಕ್ಕು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಹಚ್ಚಿದ ಬೆಟ್ಟದ ಚಿತ್ರ ನೋಡತೊಡಗಿದಳು.

"ಹೌದೌದು, ಅಕಿಗೆ ಕೆಲಸ ಅದ" ಎಂದರು ಇವರು, ಕನ್ನಡದಲ್ಲೇ, ಆ ಹುಡುಗಿಗೆ. ಪೆನ್ನಿನ ಟೋಪಿ ತೆಗೆದರು.

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಕೆಳಗಿಡ್ರಿ ಆ ಪೆನ್ನು! ಈ ಪರದೇಶದ ಹುಡುಗಿಗೆ ಹೊಳೀತು, ನಿಮಗ ಹೊಳೀಲಿಲ್ಲ ನೋಡ್ರಿ!"

"ಏನ್ ಹೊಳೀಬೇಕಿತ್ತು?"

"ಅಕಿ ನಿಮ್ಮ ಜೋಡಿ ಬರಬೇಕಂತ ರಜಾ ಹಾಕ್ಯಾಳ. ಟಿಕೆಟ್, ಟಿಕೆಟ್ ಅಂತ ವಾರದಿಂದ ಬಡಕೊಳ್ಳಿಕ್ಹತ್ತಾಳ. ಪಾಸು ಅಕಿಗೆ ಕೊಡೂದಿಲ್ಲ. ಆವಾಗ ಕಾಶಿಗೆ ಹೋಗೂ ಮುಂದೂ ಅಕಿನ್ನ ಬಿಟ್ಟು ಹೋದ್ರಿ, ಪಾಸಿನಾಗ ಹೆಸರಿಲ್ಲಂತ. ಈಗ ಮತ್ತ ಅದನ್ನೇ ಮಾಡ್ರಿ!"

"ವೈನಿ, ಸುಮ್ನಿರ್ರಿ" ಎಂದು ಶಕ್ಕು ಓಡಿ ಬಂದು ನನ್ನ ತೋಳು ಹಿಡಿದಳು. ಹಿಂದೆ ಸಾಲಿನಲ್ಲಿ ನಿಂತವರು ಒಬ್ಬರೂ ತುಟಿ ಪಿಟ್ಟೆನ್ನಲಿಲ್ಲ. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ನಮ್ಮ ಕಡೆಯಾಗಿದ್ದರೆ ಇಷ್ಟೊತ್ತಿಗೆ ಇಬ್ಬರು ನನ್ನ ಪರ, ಇಬ್ಬರು ಇವರ ಪರ ನ್ಯಾಯ ಹೇಳುತ್ತಿದ್ದರು.

ಇವರು ತಂಗಿಯ ಕಡೆ ತಿರುಗಿದರು. "ಕಾಶಿಗೆ ಬರಬೇಕಂತ ಇತ್ತೇನು ನಿನಗ?"

"ಬಿಡು ಅಣ್ಣಾ, ಎಂದಿನ ಮಾತು."

"ನೀ ಒಂದ್ ಮಾತೂ ಹೇಳಲಿಲ್ಲಲ್ಲ."

"ಏನಂತ ಹೇಳ್ಲಿ? ನಿಮಗೆಲ್ಲಾ ಬುತ್ತಿ ಕಟ್ಟಿದಾಕಿ ನಾನು. ಸ್ಟೇಷನ್ನಿನ ತನಕ ಬಂದು ಕೈ ಮಾಡಿ ಕಳಿಸಿದ್ನಲ್ಲ." ಅವಳು ನಗಲು ನೋಡಿದಳು, ಆಗಲಿಲ್ಲ. ಕಣ್ಣು ತುಂಬಿಕೊಂಡವು.

ಇವರು ಪೆನ್ನಿಗೆ ಟೋಪಿ ಹಾಕಿ ಜೇಬಿಗೆ ಸಿಕ್ಕಿಸಿ, ಪಾಸಿನ ಕಾಗದವನ್ನು ಹುಡುಗಿಯ ಕಡೆಗೆ ತಳ್ಳಿದರು. "ನೋ ಪಾಸ್. ಟಿಕೆಟ್. ತ್ರೀ."

ಹೋಗುವುದಷ್ಟೇಯೋ, ಬರುವುದೂ ಬೇಕೋ? ಯಾವ ದಿನ? ಕಿಟಕಿಯ ಪಕ್ಕವೋ, ದಾರಿಯ ಪಕ್ಕವೋ? ಹುಡುಗಿ ಒಂದೊಂದೇ ಕೇಳುತ್ತಿದ್ದರೆ ಅರ್ಧ ಆಯುಷ್ಯ ರೈಲಿನಲ್ಲೇ ಕಳೆದ ಈ ಮನುಷ್ಯ ಮೊದಲ ಸಲ ಶಾಲೆಗೆ ಬಂದ ಕೂಸಿನ ಹಾಗೆ ನಮ್ಮಿಬ್ಬರ ಮುಖ ನೋಡುತ್ತಿದ್ದರು. ಟಿಕೆಟ್ ತೆಗೆಸುವವರಿಗೆ ಇಷ್ಟೆಲ್ಲ ಕೇಳುತ್ತಾರೆಂದು ಇವರಿಗೇನು ಗೊತ್ತು? ಹೆಸರು ಕೇಳಿದಾಗ ಮಾತ್ರ ತಡವರಿಸಲಿಲ್ಲ. "ಫಸ್ಟ್ ರೈಟ್ ಮೈ ಸಿಸ್ಟರ್ಸ್ ನೇಮ್" ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.

ವಾಟರ್ಲೂ

ಹೊರಡುವ ದಿನ ಶಕ್ಕು ನಮಗಿಂತ ಮೊದಲು ಎದ್ದು ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದಳು. ಪ್ಯಾರಿಸ್ಸಿನ ಗಾಡಿ ಆಗ ಹೊರಡುತ್ತಿದ್ದ ವಾಟರ್ಲೂ ಸ್ಟೇಷನ್ನಿನಲ್ಲಿ ಚೀಲ ತಪಾಸಣೆ ಮಾಡುವವನು ಚಟ್ನಿಪುಡಿಯ ಡಬ್ಬಿ ತೆರೆದು ಮೂಸಿ ಸೀನಿದ. ಶಕ್ಕು ಅದನ್ನು ಹೇಗೆ ತಿನ್ನಬೇಕೆಂದು ಅವನಿಗೆ ವಿವರಿಸಲು ಹೊರಟಳು. ಅವಳನ್ನು ಅಷ್ಟು ಉಮೇದಿನಲ್ಲಿ ನಾನು ಎಂದೂ ನೋಡಿರಲಿಲ್ಲ.

ಮುಂದೆ ಫ್ರಾನ್ಸಿನವರು ಲಂಡನ್ನಿನಲ್ಲೇ ಕೂತು ಪಾಸ್‌ಪೋರ್ಟ್ ನೋಡುವಲ್ಲಿ ಎರಡು ಸಾಲು. ಯುರೋಪಿನವರದೊಂದು, ಉಳಿದವರದೊಂದು. ಶಕ್ಕುವಿನದು ಬ್ರಿಟನ್ನಿನ ಪಾಸ್‌ಪೋರ್ಟು, ಆಗ ಅದು ಯುರೋಪಿನ ಸಾಲಿಗೇ ಸಲ್ಲುತ್ತಿತ್ತು. ಅವಳು ತೋರಿಸಿದಂತೆ ಮಾಡಿದಳು, ಫ್ರಾನ್ಸಿನ ಅಧಿಕಾರಿ ನೋಡಿದಂತೆ ಮಾಡಿದ, ಆಚೆಗೆ ದಾಟಿಬಿಟ್ಟಳು. ನಮ್ಮ ಸಾಲು ಎತ್ತಿನ ಗಾಡಿ. ನಮ್ಮ ಸರದಿ ಬಂದಾಗ ಅಲ್ಲಿದ್ದಾತ ಪುಟ ತಿರುವಿದ, ವೀಸಾವನ್ನು ಬೆಳಕಿಗೆ ಹಿಡಿದ, ಇವರ ಮುಖ ನೋಡಿದ, ಮತ್ತೆ ತಿರುವಿದ. ಎದ್ದು ಎರಡೂ ಪಾಸ್‌ಪೋರ್ಟು ತೆಗೆದುಕೊಂಡು ಒಳಗಿನ ಕೋಣೆಗೆ ಹೋದ.

ನಮ್ಮ ಗಾಡಿ ಹೊರಡುವ ಹೊತ್ತಾಯಿತು, ಬೇಗ ಹತ್ತಿ ಎಂದು ಮೈಕಿನಲ್ಲಿ ಕೂಗಿದರು. ಆಚೆ ನಿಂತಿದ್ದವರೆಲ್ಲ ಮೇಲೆ ಪ್ಲಾಟ್‌ಫಾರ್ಮಿಗೆ ಓಡಿದರು. ಶಕ್ಕು ಅಲ್ಲೇ ನಿಂತಿದ್ದಳು. ಸಮವಸ್ತ್ರದ ಹೆಂಗಸೊಬ್ಬಳು ಬಂದು ಮೇಲೆ ಹೋಗಿ ಎಂದು ಕೈ ತೋರಿಸಿದಳು. ಶಕ್ಕು ನಮ್ಮ ಕಡೆ ಬೆರಳು ಮಾಡಿ ತಲೆ ಅಲ್ಲಾಡಿಸಿದಳು. ಮತ್ತೊಮ್ಮೆ ಕೂಗಿದರು. ಇವರು ಈಚೆಯಿಂದ ಹಸಿರು ನಿಶಾನೆ ಬೀಸುವ ಹಾಗೆ ಕೈ ಬೀಸಿ, "ನೀ ಹೋಗ, ಹತ್ತು! ನಾವು ಬರ್ತೀವಿ!" ಎಂದು ಅರಚಿದರು. ಇಷ್ಟು ವರ್ಷ ಕಾದು ಸಿಕ್ಕ ಗಾಡಿ ಕಣ್ಣೆದುರೇ ಹೋಗಿಬಿಡುತ್ತದಲ್ಲಪ್ಪಾ ಎಂದು ನಾನು ಒಳಗಿನ ಕೋಣೆಯ ಬಾಗಿಲನ್ನೇ ನೋಡುತ್ತಿದ್ದೆ. ಅವಳು ಮಾತ್ರ ಚಪಾತಿಯ ಚೀಲವನ್ನು ಎದೆಗೆ ಅವುಚಿಕೊಂಡು ನಿಂತಲ್ಲಿಂದ ಕದಲಲಿಲ್ಲ.

ಅಧಿಕಾರಿ ಹೊರಗೆ ಬಂದ, ಠಪ್ ಠಪ್ ಎಂದು ಮುದ್ರೆ ಒತ್ತಿದ. ಏನಾಗಿತ್ತು, ಯಾಕಾಗಿತ್ತು, ದೇವರೇ ಬಲ್ಲ. ನಾನು ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದೆ, ಇವರು ನನಗಿಂತ ಮುಂದೆ.

"ಹುಚ್ಚಿ! ಹೋಗಿ ಕೂಡಬಾರದೇನು?" ಓಡುತ್ತಲೇ ಬೈದರು ಇವರು. "ಗಾಡಿ ಬಿಟ್ಟಿದ್ರ ಏನ್ ಮಾಡ್ತಿದ್ದಿ?"

"ಬಿಟ್ರ ಬಿಡ್ತಿತ್ತು. ನಿಮ್ಮನ್ನ ಇಲ್ಲೇ ಬಿಟ್ಟು ನಾ ಹೆಂಗ ಹತ್ತಲಿ ಅಣ್ಣಾ?"

ಇವರು ನಿಂತುಬಿಟ್ಟರು. ಆ ಸಮವಸ್ತ್ರದ ಹೆಂಗಸು ಬೇಗ, ಬೇಗ ಎನ್ನುತ್ತಿದ್ದಳು. ಇವರು ಕೈಯಲ್ಲಿದ್ದ ಚೀಲ ಕೆಳಗಿಟ್ಟು ತಂಗಿಯ ಎರಡೂ ಕೈ ಹಿಡಿದುಕೊಂಡರು.

"ಕಾಶಿ ಗಾಡಿ ನಾವು ಹತ್ತಿದ್ವಲ್ಲ, ಶಕ್ಕೂ" ಎಂದರು. "ನಿನ್ನ ಬಿಟ್ಟು ನಾವು ಹತ್ತಿದ್ವಲ್ಲ."